ತಪ್ಪಲ, ಏಳು ಹನಿ

ಓದುವ ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಾಲಿ ಕಲಿತದ್ದು ತಡವಾಗಿ. ಅಕ್ಷರ ಕೂಡಿಸಿ ಓದಲು ಬಂದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಹತ್ತನೆಯ ಪರೀಕ್ಷೆಗೆ ಕೂತಾಗ ನಲವತ್ತು ದಾಟಿತ್ತು. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ಬಹಳ ಹೊತ್ತು ಹಿಡಿಯುತ್ತದೆ. ಹಕಾರ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎನ್ನುವುದು ಈಗಲೂ ಪೂರ್ತಿ ಗೊತ್ತಿಲ್ಲ. ತಪ್ಪು ಕಂಡಲ್ಲಿ ಸಿಟ್ಟು ಮಾಡದೆ ತಿದ್ದಿಕೊಂಡು ಓದಿರಿ. ನಾನು ಬರೆಯಲು ಹೊರಟಿರುವುದು ಒಂದು ವಾಸನೆಯ ವಿಷಯ. ಆ ವಾಸನೆ ಈಗ ನನಗೆ ಬರುವುದಿಲ್ಲ. ಅದನ್ನು ನನಗಾಗಿ ಮೂಸುತ್ತಿದ್ದವಳೂ ಈಗ ಇಲ್ಲ.

ನಮ್ಮ ಮನೆ ಮೂಡಲಗಿಯಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಒಂದು ಎಮ್ಮೆ. ಮಕ್ಕಳಾಗಲಿಲ್ಲ. ಕೆಲಸ ಗೋಕಾಕದಲ್ಲಿ, ಊದಿನಕಡ್ಡಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ತಗಡು ಹೊದಿಸಿದ ಎರಡು ಕೋಣೆ. ಕಪ್ಪು ಹಸಿಹಿಟ್ಟು ಮೆತ್ತಿ ಒಣಗಿಸಿದ ಕಡ್ಡಿಗಳು ಹೊರಗಿನಿಂದ ಬರುತ್ತವೆ. ಆ ಕಡ್ಡಿಗೆ ಯಾವ ವಾಸನೆಯೂ ಇರುವುದಿಲ್ಲ. ನಾವು ಅದನ್ನು ಸುಗಂಧದ ಎಣ್ಣೆಯಲ್ಲಿ ಅದ್ದಿ, ಒಣಗಿಸಿ, ಕಟ್ಟು ಕಟ್ಟಿ ಅಂಗಡಿಗಳಿಗೆ ಕಳಿಸುತ್ತೇವೆ.

ನಾನು ಸೇರಿದ್ದು ಕಟ್ಟು ಕಟ್ಟುವ ಕೆಲಸಕ್ಕೆ. ಒಂದು ದಿನ ಮಲ್ಲಿಗೆಯ ಎಣ್ಣೆ ಕೂಡಿಸುತ್ತಿದ್ದಾಗ ಸುಮ್ಮನಿರಲಾರದೆ ಒಂದು ಮಾತು ಆಡಿದೆ.

“ಸಾವಕಾರ್ರ, ಇದು ಮಲ್ಲಿಗಿ ಹೌದು. ಆದ್ರ ಹೆರಳಿನಿಂದ ಬಿದ್ದ ಮಲ್ಲಿಗಿ ಆಗೇತ್ರಿ.”

ಸಾವಕಾರರು ಎಂದರೆ ನಮ್ಮ ಮಾಲಕರು. ಅವರು ಕನ್ನಡಕ ಹಣೆಯ ಮೇಲೆ ಏರಿಸಿ ನನ್ನನ್ನು ನೋಡಿದರು. ಆಮೇಲೆ ಕಪಾಟಿನಿಂದ ಒಂದು ಸಣ್ಣ ಬಾಟಲಿ ತೆಗೆದು, ಅದರಿಂದ ನಾಲ್ಕೈದು ಹನಿ ಮಲ್ಲಿಗೆಯ ಎಣ್ಣೆಗೆ ಬಿಟ್ಟು, ಕಾಗದದ ಪಟ್ಟಿ ಅದ್ದಿ ನನ್ನ ಮೂಗಿನ ಮುಂದೆ ಹಿಡಿದರು.

“ಈಗ?”

“ಈಗ ಗಿಡದಾಗ ಐತ್ರಿ.”

ಅಂದಿನಿಂದ ನಾನು ಎಣ್ಣೆ ಕೂಡಿಸುವ ಮೇಜಿಗೆ ಬಂದೆ. ಹತ್ತನೆಯದು ಪಾಸಾದ ಮೇಲೆ ಸಾವಕಾರರು ನನ್ನನ್ನು “ಮಾಸ್ತರ” ಎಂದು ಕರೆಯಲು ಶುರು ಮಾಡಿದರು. ಚೇಷ್ಟೆಗೇ ಕರೆದದ್ದು, ಆದರೆ ನನಗೆ ಒಳಗೊಳಗೇ ಹಿಗ್ಗು.

ಆ ಸಣ್ಣ ಬಾಟಲಿಯಲ್ಲಿದ್ದುದೇ ಹಸಿರೆಲೆಯ ಎಣ್ಣೆ. ನಮ್ಮ ಕಾರ್ಖಾನೆಯಲ್ಲಿ ಅದಕ್ಕೆ “ಹಸರ” ಎನ್ನುತ್ತಿದ್ದೆವು. ನೋಡಲು ನೀರಿನಂತೆ, ಬಣ್ಣವೇ ಇಲ್ಲ. ಮೂಸಿದರೆ ಮಾತ್ರ ಕಣ್ಣ ಮುಂದೆ ಹಸಿರು ಬರುತ್ತಿತ್ತು. ಹುಲ್ಲು ಕೊಯ್ದಾಗ, ಎಲೆಯನ್ನು ಉಗುರಿನಿಂದ ಚಿವುಟಿದಾಗ ಬರುವ ವಾಸನೆ ಅದು. ಸುಗಂಧದಲ್ಲಿ ಅದರ ಕೆಲಸ ಬಹಳ ಸಣ್ಣದು. ತಾನು ಇದ್ದೇನೆ ಎಂದು ತೋರಿಸಿಕೊಳ್ಳಬಾರದು, ಹೂವಿಗೆ ಜೀವ ಮಾತ್ರ ತರಬೇಕು. ಒಂದು ಹನಿ ಕಡಿಮೆಯಾದರೆ ಹೂ ಸತ್ತಂತೆ. ಎರಡು ಹನಿ ಹೆಚ್ಚಾದರೆ ದೇವರ ಮನೆಯಲ್ಲಿ ಎಮ್ಮೆ ಕಟ್ಟಿದಂತೆ. ಮತ್ತೆ ಆ ಎಣ್ಣೆ ಪ್ರತಿ ಬಾಟಲಿಗೂ ಒಂದೇ ತೆರನಾಗಿರುವುದಿಲ್ಲ. ಒಂದು ಸಲ ತೀಕ್ಷ್ಣ, ಒಂದು ಸಲ ಮೆತ್ತಗೆ. ಹಾಗಾಗಿ ಹೊಸ ಬಾಟಲಿ ಬಂದಾಗೊಮ್ಮೆ ಎಷ್ಟು ಹನಿ ಎಂದು ಮೂಗಿನಿಂದಲೇ ಹೊಸದಾಗಿ ನಿಶ್ಚಯ ಮಾಡಬೇಕು. ಅದು ನನ್ನ ಕೆಲಸವಾಗಿತ್ತು. ಎಲ್ಲರಿಗಿಂತ ಕಡಿಮೆ ಸಾಲಿ ಕಲಿತವನಿಗೆ ದೇವರು ಮೂಗು ಕೊಟ್ಟಿದ್ದಾನೆ ಎಂದುಕೊಂಡಿದ್ದೆ.

ಆ ಮೂಗು ಕೊರೊನಾದಲ್ಲಿ ಹೋಯಿತು.

ಜ್ವರ ದೊಡ್ಡದೇನೂ ಬರಲಿಲ್ಲ. ನಾಲ್ಕು ದಿನ ಮಲಗಿ ಎದ್ದೆ. ಆ ವರ್ಷ ನಮ್ಮ ಓಣಿಯಲ್ಲಿ ಎಷ್ಟೋ ಜನರಿಗೆ ವಾಸನೆ ಹೋಗಿ, ಎರಡು ಮೂರು ವಾರದಲ್ಲಿ ತಿರುಗಿ ಬಂದಿತು. ನನಗೂ ಬರುತ್ತದೆ ಎಂದು ಯಾರಿಗೂ ಹೇಳದೆ ಕೂತೆ. ಕಾರ್ಖಾನೆ ಮುಚ್ಚಿತ್ತು, ಅವಸರವೂ ಇರಲಿಲ್ಲ. ಒಂದು ಮುಂಜಾನೆ ಹೆಂಡತಿ ಎಮ್ಮೆ ಹಿಂಡಿಕೊಂಡು ಬಂದು ಹಾಲು ಒಲೆಯ ಮೇಲಿಟ್ಟು, ನನಗೆ ನೋಡಲು ಹೇಳಿ ಹಿತ್ತಲಿಗೆ ಹೋದಳು. ನಾನು ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಾ ಕೂತೆ. ಹಾಲು ಉಕ್ಕಿ, ತಳ ಹಿಡಿದು, ಕರಕಲಾಗಿ, ಮನೆಯೆಲ್ಲ ಹೊಗೆಯಾದರೂ ನಾನು ಪುಟ ತಿರುವುತ್ತಲೇ ಇದ್ದೆ. ಅವಳು ಓಡಿ ಬಂದು ಪಾತೆಲಿ ಇಳಿಸಿದಳು. ಬೈಯಲಿಲ್ಲ. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಖ ನೋಡಿದಳು.

“ಎಷ್ಟ ದಿನಾ ಆತ್ರಿ?”

“ಏನು?”

“ಮೂಗ ಹೋಗಿ.”

ನಾನು ಪೇಪರ್ ಮಡಚಿ ಇಟ್ಟೆ. ಅವಳು ಸೆರಗಿನಿಂದ ಹೊಗೆ ಬೀಸಿಕೊಳ್ಳುತ್ತಾ ನಕ್ಕಳು.

“ಮೂಗ ಇರೋತನಕ ನೆಗಡಿ ಅಂತಾರ. ನಿಮ್ಮದು ಉಲ್ಟಾ ಆತು ನೋಡ್ರಿ. ಮೂಗ ಹೋಗೇತಿ, ನೆಗಡಿ ಅಷ್ಟ ಉಳದೈತಿ.”

ನಾನು ನಗಲಿಲ್ಲ. ಕಾರ್ಖಾನೆ ಶುರುವಾದರೆ ಏನು ಮಾಡಲಿ ಎನ್ನುವುದೊಂದೇ ನನ್ನ ತಲೆಯಲ್ಲಿ. ಸಾವಕಾರರಿಗೆ ಗೊತ್ತಾದರೆ ಮತ್ತೆ ಕಟ್ಟು ಕಟ್ಟುವ ಮೂಲೆಗೆ ಹೋಗಬೇಕು. ಕಟ್ಟು ಕಟ್ಟುವುದು ಕೀಳು ಕೆಲಸವಲ್ಲ, ಈಗ ನಾನು ಮಾಡುವುದೂ ಅದನ್ನೇ. ಆದರೆ ಆಗ ನನಗೆ ಆ ಮೇಜು ಎಂದರೆ ನನ್ನ ಮಾರ್ಕ್ಸ್ ಕಾರ್ಡ್ ಇದ್ದಂತೆ. ಬೇರೆಯವರಿಗೆ ಬಾರದ್ದು ನನಗೊಬ್ಬನಿಗೆ ಬರುತ್ತದೆ ಎಂದು ತೋರಿಸುವ ಜಾಗ ಜೀವನದಲ್ಲಿ ಅದೊಂದೇ ಇತ್ತು.

“ನನ್ನ ಮೂಗ ಐತಲ್ರಿ,” ಎಂದಳು ಅವಳು. “ಹೊತ್ಕೊಂಡ ಗೋಕಾಕಕ್ಕ ಹೋಗಾಕ ಬರಂಗಿಲ್ಲ ಖರೆ. ನೀವ ಬಾಟ್ಲಿ ಇಲ್ಲಿ ತರ್ರಿ.”

ಹೀಗೆ ಶುರುವಾಯಿತು ನಮ್ಮ ಗುಟ್ಟಿನ ಕೆಲಸ. ಮೊದಲು ನಾನು ಕಾಗದದ ಪಟ್ಟಿಗಳನ್ನು ಅದ್ದಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದೆ. ಅವಳು ಮೂಸಿ “ಬರೇ ಮಲ್ಲಿಗಿರಿ, ಅದೂ ಬಾಡಿದ್ದು” ಎಂದಳು. ಆಮೇಲೆ ನನಗೆ ಹೊಳೆಯಿತು. ಹಸಿರೆಲೆಯ ವಾಸನೆ ಎಲ್ಲಕ್ಕಿಂತ ಮುಂಚೆ ಬರುತ್ತದೆ, ಎಲ್ಲಕ್ಕಿಂತ ಮುಂಚೆ ಹೋಗಿಬಿಡುತ್ತದೆ. ಕಡ್ಡಿಯ ಹಿಟ್ಟು ಹಿಡಿದಿಟ್ಟಂತೆ ಕಾಗದ ಅದನ್ನು ಹಿಡಿದಿಡುವುದಿಲ್ಲ, ಗೋಕಾಕದಿಂದ ಮೂಡಲಗಿಗೆ ಬಸ್ಸು ಬರುವುದರೊಳಗೆ ಅದು ಹಾರಿ ಹೋಗಿರುತ್ತಿತ್ತು. ಅಂದಿನಿಂದ ಇಂಜೆಕ್ಷನ್ನಿನ ಖಾಲಿ ಬಾಟಲಿಗಳನ್ನು ತೊಳೆದು, ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಹಸರ ತುಂಬಿ ಅಂಗಿಯ ಕಿಸೆಯಲ್ಲಿ ತರತೊಡಗಿದೆ. ಮುಂಜಾನೆ ಅವಳು ಮೇವು ತಂದು ಹಾಕಿದ ಮೇಲೆ, ದನದ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಇಬ್ಬರೂ ಕೂರುತ್ತಿದ್ದೆವು. ನಾನು ಮಲ್ಲಿಗೆಗೆ ಒಂದೊಂದೇ ಹನಿ ಹಸರ ಬಿಟ್ಟು, ಪಟ್ಟಿ ಅದ್ದಿ ಅವಳ ಮೂಗಿಗೆ ಹಿಡಿಯುತ್ತಿದ್ದೆ. ಅವಳು ಕಣ್ಣು ಮುಚ್ಚಿ “ಇನ್ನಾ”, “ಇನ್ನಾ” ಎನ್ನುತ್ತಾ ಹೋಗುವಳು. ಸರಿಯಾದ ಹನಿ ಬಿದ್ದಾಗ ಮಾತ್ರ ಕಣ್ಣು ತೆರೆದು “ಹಾಂ, ಸಾಕ್ರಿ” ಎನ್ನುವಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ದೊಡ್ಡ ಡಬ್ಬಿಗೆ ಎಷ್ಟು ಎಂದು ಆಮೇಲೆ ಲೆಕ್ಕ ಹಾಕುತ್ತಿದ್ದೆ.

ಅವಳು ಸಾಲಿಯ ಕಟ್ಟೆ ಹತ್ತಿದವಳಲ್ಲ. ಬೇರೆ ಸುಗಂಧಗಳಿಗೆ ಅವಳು ಕೊಟ್ಟ ಹೆಸರುಗಳನ್ನೂ ನಾನು ಬರೆದಿಟ್ಟಿದ್ದೇನೆ. ಗುಲಾಬಿಗೆ “ಮದುವಿ ಬಾಗಲದಾಗ ಸಿಂಪಡಸೂ ನೀರ”. ಚಂದನಕ್ಕೆ “ಮುದುಕರ ಹಣಿ”. ಕೇದಗೆಗೆ “ಹೊಸಾ ಟ್ರಂಕ್ ತಗದಂಗ”. ಹಸರವನ್ನು ಮೊದಲನೆಯ ಸಲ ಮೂಸಿದಾಗ ಮಾತ್ರ ಬಾಟಲಿ ನನ್ನ ಕೈಯಿಂದ ಕಸಿದುಕೊಂಡು ಇನ್ನೊಮ್ಮೆ ಮೂಸಿದಳು.

“ಇದು ಕುಡಗೋಲ ಬಿದ್ದ ಕೂಡ್ಲೇ ಬರೋ ವಾಸನಿರಿ.”

“ಅಂದ್ರ?”

“ತಪ್ಪಲ ಸುಮ್ಮನ ನಿಂತಾಗ ಈ ವಾಸನಿ ಕೊಡಂಗಿಲ್ಲ. ಕೊಯ್ದ್ರನ ಕೊಡತೈತಿ. ಮೂವತ್ತ ವರ್ಷ ಮೇವ ಕೊಯ್ದೀನಿ, ನನಗ ಹೇಳಾಕ ಬರ್ತೀರಿ?”

“ನಾ ಏನ ಹೇಳೀನ?”

“ಹೇಳಾಕತ್ತಿದ್ರಿ. ನಿಮ್ಮ ಮಾರಿ ಮಾಸ್ತರನಂಗ ಆಗಿತ್ತು.”

ನಮ್ಮ ಕಡೆ ಗಿಡದ ಸೊಪ್ಪಿಗೆ, ಮೇವಿನ ಎಲೆಗೆ ತಪ್ಪಲ ಎನ್ನುತ್ತಾರೆ. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬರುತ್ತದೆ.

ಒಂದು ವರ್ಷ ಕಳೆದ ಮೇಲೆ, ಪ್ರತಿ ಸಲ ಮೂಸಿ ಮುಗಿದೊಡನೆ ಅವಳು ಎದ್ದು ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದುಕೊಂಡು ಬರುತ್ತಿದ್ದಳು. ಎಮ್ಮೆಗೆ ನೀರು ತೋರಿಸಲು ಹೋಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ನಾನು ಎದ್ದು ನೋಡಲಿಲ್ಲ. ಬಾಟಲಿಗಳ ಮುಚ್ಚಳ ಬಿಗಿ ಮಾಡುತ್ತಾ ಕೂತಿರುತ್ತಿದ್ದೆ.

ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಗೋಕಾಕದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ನಾನು ಮೇಜಿನ ಮುಂದೆ ನಿಂತು ಪಟ್ಟಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸುತ್ತಿದ್ದೆ. ಅವಳನ್ನು ನೋಡಿ ಕಲಿತದ್ದು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಆಮೇಲೆ ಒಂದು ಮಳೆಗಾಲ ಅವಳ ಕಣ್ಣು ಹಳದಿಯಾದವು. ಕಾಮಣಿ ಎಂದರು, ಅಂದರೆ ಕಾಮಾಲೆ. ದವಾಖಾನೆಯಲ್ಲಿ ಗುಳಿಗೆ ಕೊಟ್ಟು, ಎಣ್ಣೆ ತುಪ್ಪ ಬಿಟ್ಟು ಪಥ್ಯ ಮಾಡಲು ಹೇಳಿದರು. ಪಥ್ಯದ ಅಡಿಗೆ ನನಗೆ ಬರುವುದಿಲ್ಲ. ಅವಳ ತವರು ಹುಕ್ಕೇರಿ ಹತ್ತಿರದ ಬೆಲ್ಲದ ಬಾಗೇವಾಡಿ. ಅತ್ತೆ ಬಂದು ಕರೆದುಕೊಂಡು ಹೋದರು. ಹೋಗುವಾಗ ಅವಳು ಎಮ್ಮೆಯನ್ನು ಬಾಜೂ ಮನೆಯವರಿಗೆ ಒಪ್ಪಿಸಿ, ನನಗೆ ಹೇಳಿದಳು:

“ಈಗಿನ ಬಾಟ್ಲಿ ಮುಗಿಯೂತನಕ ಐದ ಹನಿ ಹಾಕ್ಕೋತ ಹೋಗ್ರಿ. ಹೊಸಾದ ಬಂದ್ರ ನನ್ನ ಕೇಳದ ಹಾಕಬ್ಯಾಡ್ರಿ.”

ಹೊಸದು ಬೇಗನೇ ಬೇಕಾಯಿತು. ಶ್ರಾವಣ ಹತ್ತಿರ ಬಂದಿತ್ತು, ಆ ತಿಂಗಳಿಗೆ ಮಲ್ಲಿಗೆ ಕಡ್ಡಿ ಬಹಳ ಹೋಗುತ್ತವೆ. ಸುಗಂಧದ ಎಣ್ಣೆಗಳನ್ನು ನಾವು ತರಿಸುತ್ತಿದ್ದುದು ಹುಕ್ಕೇರಿಯ ಒಬ್ಬ ಮುದುಕರ ಅಂಗಡಿಯಿಂದ. ಯಾವಾಗಲೂ ಸಾವಕಾರರೇ ಫೋನು ಮಾಡಿ “ಹಸರ ಒಂದ ಕಳಸ್ರಿ” ಎನ್ನುತ್ತಿದ್ದರು. ಆ ಸಲ ಅವರು ಊರಲ್ಲಿರಲಿಲ್ಲ, ನನಗೆ ಚೀಟಿ ಬರೆದು ಕಳಿಸಲು ಹೇಳಿದ್ದರು. ನಾನು ಪೆನ್ನು ಹಿಡಿದು ಯೋಚನೆ ಮಾಡಿದೆ. ಹಸರ ಎಂದರೆ ಬರೀ ಬಣ್ಣ. ತಪ್ಪಲ ಎಂದು ಬರೆದರೆ ಹಳ್ಳಿಯವನು ಎನ್ನುತ್ತಾರೆ. ಪುಸ್ತಕದಲ್ಲಿ ಇರುವಂತೆ ಶುದ್ಧವಾಗಿ “ಹಸಿ ಎಲೆ, ಒಂದು” ಎಂದು ಬರೆದೆ. ಅಕ್ಷರ ದುಂಡಗೆ ಬಂದವು ಎಂದು ಇನ್ನೊಮ್ಮೆ ನೋಡಿಕೊಂಡೆ.

ಎರಡು ದಿನಕ್ಕೆ ಬಾಟಲಿ ಬಂತು. ಮೇಲೆ ಅಂಟಿಸಿದ ಚೀಟಿಯಲ್ಲಿ “ಎಲಿ” ಎಂದಿತ್ತು. ನನಗೇನು ಗೊತ್ತಾಗಬೇಕು. ಎರಡು ಸಣ್ಣ ಬಾಟಲಿಗಳಲ್ಲಿ ಅದನ್ನೂ ಮಲ್ಲಿಗೆಯನ್ನೂ ತುಂಬಿಕೊಂಡು ಭಾನುವಾರ ಬಾಗೇವಾಡಿಗೆ ಹೋದೆ. ಹೆಂಡತಿಯನ್ನು ನೋಡಲು ಹೋಗಿದ್ದೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಸೋಮವಾರ ಕಡ್ಡಿ ಅದ್ದಬೇಕಿತ್ತು.

ಅತ್ತೆ ಬಾಗಿಲಲ್ಲೇ ನನ್ನ ಕಿಸೆ ನೋಡಿದರು.

“ಅಳಿಯಾವ್ರ, ಮತ್ತ ಆ ಬಾಟ್ಲಿ ತಂದೀರೇನ್ರಿ?”

“ಒಂದ ಸ್ವಲ್ಪ ಮೂಸಿ ಹೇಳಿದ್ರ ಆತ್ರಿ, ಅತ್ತಿ.”

“ಕೂಳ ವಾಸನಿ ತಡಿಯಾಕ ಆಗವಲ್ದು ಆಕಿಗಿ, ಇದೊಂದು...”

“ಯವ್ವಾ, ನೀ ಸುಮ್ಮಕಿರ,” ಎಂದು ಒಳಗಿನಿಂದ ಅವಳ ದನಿ ಬಂತು. “ಬರ್ರಿ ಒಳಗ.”

ಹೊರಸಿನ ಮೇಲೆ ಗೋಡೆಗೆ ಆನಿಸಿಕೊಂಡು ಕೂತಿದ್ದಳು. ಮುಖ ಇಳಿದಿತ್ತು, ಬಳೆ ಮೊಣಕೈ ತನಕ ಜಾರುತ್ತಿದ್ದವು. ನಾನು ಹೇಗಿದ್ದೀ ಎಂದು ಕೇಳಿದೆ. ಅವಳು ಎಮ್ಮೆ ಹೇಗಿದೆ ಎಂದು ಕೇಳಿದಳು. ಆಮೇಲೆ ಕೈ ಚಾಚಿದಳು. ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದು, ಒಂದು ಕ್ಷಣ ಬಿಟ್ಟು ನಗಲು ಶುರು ಮಾಡಿದಳು. ನಗಲು ಶಕ್ತಿ ಇರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇದು ಎಲಿ ಐತ್ರಿ!”

“ಹೌದು, ಎಲಿನ.”

“ಅಯ್ಯ ನಮ್ಮಪ್ಪಾ, ತಿನ್ನೋ ಎಲಿ! ಅಡಕಿ ಸುಣ್ಣ ಅಷ್ಟ ಕಡಿಮಿ ಐತಿ. ಏನಂತ ಬರದ ಕೊಟ್ಟಿದ್ರಿ?”

“ಹಸಿ ಎಲೆ ಅಂತ.”

“ಹಸಿ ಎಲಿ ಅಂದ್ರ ಮತ್ತೇನ ಕೊಡ್ತಾನ ಅಂವಾ? ತಪ್ಪಲ ಅನ್ನಬೇಕಿಲ್ರಿ! ಎಮ್ಮಿ ಎಲಿ ತಿಂತೈತೇನು? ಈ ಕಡ್ಡಿ ಹಚ್ಚಿದ್ರ ದೇವ್ರ ಉಗುಳಾಕ ಪೀಕದಾನಿ ಕೇಳ್ತಿದ್ದ.”

ಅತ್ತೆಗೂ ನಗು ಬಂತು. ನನಗೆ ಬೆವರು ಬಂತು. ಅವಳನ್ನು ಕೇಳದೆ ಹಾಕಿದ್ದರೆ ಶ್ರಾವಣದ ಮಲ್ಲಿಗೆಯೆಲ್ಲ ಪಾನಿನ ಅಂಗಡಿಯಾಗುತ್ತಿತ್ತು. ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗಾದರೂ ಎಲಿ ಎಂದರೆ ವೀಳ್ಯದೆಲೆ. ಅದು ನನಗೂ ಗೊತ್ತಿದ್ದದ್ದೇ. ಅಕ್ಷರ ಕಲಿತ ಮೇಲೆ ಮರೆತಿದ್ದೆ.

“ಹುಕ್ಕೇರಿ ಎಷ್ಟ ದೂರ ಐತಿ? ಈಗ ಹೋಗಿ ಬದಲಿ ಮಾಡ್ಕೊಂಡ ಬರ್ರಿ,” ಎಂದಳು. “ಹನಿ ಹೇಳಿಬಿಡ್ತೀನಿ.”

ಅತ್ತೆ ನನ್ನ ಮುಖ ನೋಡಿದರು. ಬೇಡ, ಮಲಕೋ, ಇನ್ನೊಂದು ದಿನ ಬಂದರಾಯಿತು ಎಂದು ನಾನು ಹೇಳಬೇಕಿತ್ತು. ಅವರು ಕಾಯುತ್ತಿದ್ದುದೂ ಅದಕ್ಕೇ ಎಂದು ಈಗ ತಿಳಿಯುತ್ತದೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಹುಕ್ಕೇರಿಯ ಮುದುಕರು ಚೀಟಿ ನೋಡಿ ತೊಡೆ ತಟ್ಟಿಕೊಂಡರು.

“ಮಾಸ್ತರ, ನಾ ಇದ್ದಿದ್ದಿಲ್ಲ, ಸೊಸಿ ಕೊಟ್ಟಾಳ. ಆಕಿದೇನೂ ತಪ್ಪಿಲ್ಲ. ಪುಸ್ತಕದಾಗ ಎಲಿ ಅಂದ್ರ ಗಿಡದ್ದಿರಬೇಕು. ಹುಕ್ಕೇರಿಯಾಗ ಎಲಿ ಅಂದ್ರ ಅಡಕಿ ಜೋಡಿದು.”

“ಹೌದ್ರಿ, ತಪ್ಪಾತು.”

“ಆದ್ರ ಮುಚ್ಚಳ ತಗದ ಒಮ್ಮೆ ಮೂಸಿ ನೋಡಬಾರದಾಗಿತ್ತ?”

“ನೆಗಡಿ ಆಗೇತ್ರಿ,” ಎಂದೆ.

ಸಂಜೆಯ ಹೊತ್ತಿಗೆ ಬಾಗೇವಾಡಿಗೆ ತಿರುಗಿ ಬಂದೆ. ಅವಳು ಮುಖ ತೊಳೆದು, ತಲೆ ಬಾಚಿಕೊಂಡು ಕೂತಿದ್ದಳು, ಪರೀಕ್ಷೆಗೆ ಕೂತವರಂತೆ. ನಾನು ಹನಿ ಬಿಟ್ಟೆ. ಇನ್ನಾ, ಎಂದಳು. ಬಿಟ್ಟೆ. ಇನ್ನಾ. ನಾಲ್ಕನೆಯ ಹನಿಗೆ ಸೆರಗು ಬಾಯಿಗೆ ಹಿಡಿದು ಒಂದು ನಿಮಿಷ ನಿಲ್ಲಿಸಿದಳು. ಹಸರದ ಬಾಟಲಿಯನ್ನೇ ಬೇರೆಯಾಗಿ ತೆಗೆದುಕೊಂಡು ಒಮ್ಮೆ ಮೂಸಿ, ಉಸಿರು ಬಿಟ್ಟು, ಮತ್ತೆ ಪಟ್ಟಿಗೆ ಬಂದಳು. ಏಳನೆಯ ಹನಿಗೆ ಕಣ್ಣು ತೆರೆದಳು.

“ಹಾಂ, ಸಾಕ್ರಿ.”

ನಾನು ನೋಟ್‌ಬುಕ್ ತೆಗೆದೆ. “ಏನಂತ ಬರ್ಕೋತೀರಿ?” ಎಂದಳು.

“ಏಳು ಹನಿ ಅಂತ.”

“ಯಾವುದು ಏಳು ಹನಿ?”

ನಾನು “ತಪ್ಪಲ” ಎಂದು ಬರೆದು ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಅಕ್ಷರದ ಮೇಲೆ ಬೆರಳು ಇಟ್ಟು ನೋಡಿ, “ಈಗ ಬರೋಬ್ಬರಿ ಆತು” ಎಂದಳು. ಹಸರದ ಸಣ್ಣ ಬಾಟಲಿಯನ್ನು ಮಾತ್ರ ತಿರುಗಿ ಕೊಡಲಿಲ್ಲ. “ಇದೊಂದ ಇಲ್ಲೇ ಇರ್ಲಿ” ಎಂದು ದಿಂಬಿನ ಕೆಳಗೆ ಇಟ್ಟುಕೊಂಡಳು. “ಹೋಗ್ರಿ, ಬಸ್ಸ ತಪ್ಪತೈತಿ.”

ನಾನು ಅವಳ ಜೊತೆ ಸರಿಯಾಗಿ ಆಡಿದ ಕೊನೆಯ ಮಾತು ಇಷ್ಟೇ. ಎಷ್ಟು ಹನಿ, ಯಾವ ಬಸ್ಸು.

ಆ ಮಲ್ಲಿಗೆ ಬಹಳ ಚೆನ್ನಾಗಿ ಬಂತು. ಸಾವಕಾರರು ಒಂದು ಕಡ್ಡಿ ಹಚ್ಚಿ, ಹೊಗೆಯನ್ನು ಕೈಯಿಂದ ಮುಖಕ್ಕೆ ಎಳೆದುಕೊಂಡು, “ಮಾಸ್ತರ, ಇಷ್ಟ ವರ್ಷದಾಗ ಹಿಂಗ ಆಗಿದ್ದಿಲ್ಲ ನೋಡ” ಎಂದರು. ನಾನು ತಲೆ ಅಲ್ಲಾಡಿಸಿದೆ. ಅದರ ಮರುದಿನವೇ ಬಾಗೇವಾಡಿಯಿಂದ ಫೋನು ಬಂತು. ಅವಳಿಗೆ ಎಚ್ಚರ ತಪ್ಪಿ ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ದಿದ್ದರು. ಯಕೃತ್ತು ಕೆಟ್ಟು ಬಹಳ ದಿನಗಳಾಗಿವೆ ಎಂದು ಡಾಕ್ಟರು ಹೇಳಿದರು. ಒಂದು ವಾರ ನಾನು ಬಾಗಿಲ ಹೊರಗೆ ಕೂತಿದ್ದೆ. ಎಂಟನೆಯ ದಿನ ಹೋದಳು.

ತವರಿನವರ ಮಾತಿನಂತೆ ಬಾಗೇವಾಡಿಯಲ್ಲೇ ಮಣ್ಣು ಮಾಡುವುದೆಂದಾಯಿತು. ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಎದುರಿಗೆ ಜೋಳ ತುಂಬಿದ ಗ್ಲಾಸಿನಲ್ಲಿ ಊದಿನಕಡ್ಡಿ ಚುಚ್ಚಿದ್ದರು. ಗೋಕಾಕದಿಂದ ಬಂದ ಸಾವಕಾರರು ಕೈಯಲ್ಲಿ ಒಂದು ಕಟ್ಟು ತಂದಿದ್ದರು. ಅದನ್ನು ಬಿಚ್ಚಿ, ಹತ್ತು ಹನ್ನೆರಡು ಕಡ್ಡಿ ಒಮ್ಮೆಲೇ ಹಚ್ಚಿ ಅದೇ ಗ್ಲಾಸಿನಲ್ಲಿ ಇಟ್ಟರು. ಕಟ್ಟಿನ ಮೇಲಿನ ಚೀಟಿ ನೋಡಿದೆ. ನಮ್ಮದೇ ಮಲ್ಲಿಗೆ, ಹೊಸದು.

ಹೊಗೆ ಅವಳ ಮುಖದ ಮುಂದೆ ಏರಿತು. ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ಮೂಗು ಒರೆಸಿಕೊಂಡು ಬಾಜೂದವಳಿಗೆ ಹೇಳಿದ್ದು ನನಗೆ ಕೇಳಿಸಿತು.

“ಎಂಥಾ ಚಲೋ ವಾಸನಿ ಐತ ನೋಡ ಯವ್ವಾ. ಈಗ ಗಿಡದಿಂದ ಹರಕೊಂಡ ಬಂದಂಗ.”

ಆ ಮನೆಯಲ್ಲಿ ಇದ್ದವರಿಗೆಲ್ಲ ಅವಳ ಏಳು ಹನಿ ತಲುಪಿತು. ನನಗೊಬ್ಬನಿಗೆ ಬರಲಿಲ್ಲ. ಹೊಗೆ ಕಣ್ಣಿಗೆ ಹೋಗಿ ಉರಿಯಿತು, ಅಷ್ಟೇ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅತ್ತೆ ನನ್ನ ಮುಂದೆ ಆ ಸಣ್ಣ ಬಾಟಲಿ ತಂದಿಟ್ಟರು.

“ದಿಂಬಿನ ಬುಡಕ ಇತ್ರಿ. ಇದೊಂದ ತಡೀತಿತ್ತು ಆಕಿಗಿ.”

“ತಡೀತಿತ್ತು ಅಂದ್ರ?”

ಅತ್ತೆ ಹತ್ತಿರ ಬಂದು ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಒಂದ ವರ್ಷ ಆತ್ರಿ, ಯಾವ ಸೆಂಟ ಮೂಸಿದ್ರೂ ಆಕಿಗಿ ಹೊಟ್ಟಿ ತೊಳಸತಿತ್ತು. ಮೂಸಿದ್ದ ಆತು, ಕೊಟಗಿ ಹಿಂದ ಹೋಗಿ ವಾಂತಿ ಮಾಡ್ಕೊಂಡ ಬರ್ತಿದ್ಲಂತ. ನನ್ನ ಮುಂದ ಹೇಳ್ಯಾಳ. ಆ ಹಸರ ಮೂಸಿದ್ರ ಅಷ್ಟ ಸಮಾಧಾನ ಆಗ್ತಿತ್ತಂತ. ಹೊಲದಾಗ ನಿಂತಂಗ ಆಗತೈತಿ ಅಂತಿದ್ಲು.”

“ನನಗ್ಯಾಕ ಹೇಳಲಿಲ್ರಿ?”

“ನಾನೂ ಅದನ್ನ ಕೇಳಿದ್ನಿ. ‘ಅವರು ಅಷ್ಟ ದೊಡ್ಡವರಾದ ಮ್ಯಾಗ ಸಾಲಿ ಕಲ್ತಾರ, ಯವ್ವಾ. ಮತ್ತ ಹಿಂದಿನ ಬೆಂಚಿಗಿ ಕಳಸ್ಲ್ಯಾ?’ ಅಂದ್ಲು.”

ಡಾಕ್ಟರರನ್ನು ಆಮೇಲೆ ಕೇಳಿದೆ. ವಾಸನೆಯಿಂದ ಆ ರೋಗ ಬಂದದ್ದಲ್ಲ, ರೋಗ ಇದ್ದುದರಿಂದ ವಾಸನೆ ತಡೆಯಲಿಲ್ಲ ಎಂದರು. ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ಖರೆಯೇ ಹೇಳಿದ್ದು. ಆದರೆ ಆ ವಾಂತಿಯ ಮಾತು ಒಂದು ವರ್ಷ ಮುಂಚೆ ನನಗೆ ಗೊತ್ತಾಗಿದ್ದರೆ ಆಗಲೇ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೆ. ಗೊತ್ತಾಗಲು ಏನು ಬೇಕಿತ್ತು? ಮುಚ್ಚಳ ಬಿಗಿ ಮಾಡುವುದು ಬಿಟ್ಟು ಒಂದು ಸಲ ಎದ್ದು ಕೊಟ್ಟಿಗೆಯ ಹಿಂದೆ ನೋಡಿದ್ದರೆ ಸಾಕಿತ್ತು. ಅದಕ್ಕೆ ಮೂಗು ಬೇಕಿರಲಿಲ್ಲ.

ಕೆಲಸಕ್ಕೆ ಹೋದ ಮೊದಲನೆಯ ದಿನ ಸಾವಕಾರರ ಮುಂದೆ ನಿಂತು ಹೇಳಿಬಿಟ್ಟೆ.

“ನನಗ ವಾಸನಿ ಬರಂಗಿಲ್ರಿ. ಕೊರೊನಾದಾಗ ಹೋಗೇತಿ.”

ಅವರು ಕನ್ನಡಕ ಹಣೆಗೆ ಏರಿಸಿದರು. “ಮತ್ತ ಇಷ್ಟ ದಿನ ಯಾರ ಕೂಡಿಸಿದ್ರು?”

“ನನ್ನ ಹೆಂಡತಿ.”

“ಆ ಶ್ರಾವಣದ ಮಲ್ಲಿಗಿ?”

“ಅದೂ ಆಕೀನ.”

ಅವರು ಮೇಜಿನ ಮೇಲಿದ್ದ ಮಲ್ಲಿಗೆಯ ಕಟ್ಟೊಂದನ್ನು ಕೈಗೆತ್ತಿಕೊಂಡರು. ಆಮೇಲೆ, “ಆಕಿ ಮುಂದ ಆಕಿ ಕಡ್ಡೀನ ಹಚ್ಚಿ ಬಂದ್ನೇನ ನಾ?” ಎಂದು ಮೆಲ್ಲಗೆ ಕೇಳಿ, ಕನ್ನಡಕ ಇಳಿಸಿಕೊಂಡು ಆ ಕಡೆ ತಿರುಗಿದರು. ನನ್ನನ್ನು ಬಿಡಿಸಲಿಲ್ಲ. ನಾನೇ ಹೋಗಿ ಕಟ್ಟು ಕಟ್ಟುವ ಮೂಲೆಯಲ್ಲಿ ಕೂತೆ. ಈಗ ಮೇಜಿನ ಮುಂದೆ ಬೇರೆಯವರು ನಿಲ್ಲುತ್ತಾರೆ. ಸಾವಕಾರರು ನನ್ನನ್ನು ಮಾಸ್ತರ ಎಂದು ಕರೆಯುವುದನ್ನು ಬಿಟ್ಟಿಲ್ಲ, ನನಗೆ ಮಾತ್ರ ಕೇಳಲು ಕಷ್ಟವಾಗುತ್ತದೆ.

ಎಮ್ಮೆಯನ್ನು ಮಾರಲಿಲ್ಲ. ಮುಂಜಾನೆ ಅವಳ ಕುಡಗೋಲು ತೆಗೆದುಕೊಂಡು ನಾನೇ ಮೇವಿಗೆ ಹೋಗುತ್ತೇನೆ. ಅವಳು ಒಂದು ಹೊರೆ ಕಟ್ಟುವ ಹೊತ್ತಿನಲ್ಲಿ ನಾನು ಅರ್ಧ ಹೊರೆ ಕೊಯ್ಯುತ್ತೇನೆ. ಗೋಕಾಕದ ಕಿವಿ ಮೂಗಿನ ಡಾಕ್ಟರು ಒಂದು ಮಾತು ಹೇಳಿದ್ದಾರೆ. ಮೊದಲು ಚೆನ್ನಾಗಿ ಗೊತ್ತಿದ್ದ ವಾಸನೆಗಳನ್ನು ದಿನಾಲೂ ಮೂಸಬೇಕು, ಮೂಸುವಾಗ ಅದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಬೇಕು, ಕೆಲವರಿಗೆ ವರ್ಷಗಳ ಮೇಲೂ ಬಂದದ್ದಿದೆ ಎಂದು. ಕೊಯ್ದ ಮೊದಲ ಹಿಡಿಯನ್ನು ಮೂಗಿಗೆ ಒತ್ತಿ ಹಿಡಿಯುತ್ತೇನೆ. ತಣ್ಣಗೆ ಒದ್ದೆಯಾಗುತ್ತದೆ. ಮನೆಗೆ ಬಂದು ಕಲ್ಲಿನ ಮೇಲೆ ಕೂತು ಆ ಸಣ್ಣ ಬಾಟಲಿಯ ಮುಚ್ಚಳ ತೆಗೆಯುತ್ತೇನೆ. ಅದರ ಮೇಲೆ ನಾನೇ ಚೀಟಿ ಅಂಟಿಸಿದ್ದೇನೆ, “ತಪ್ಪಲ” ಎಂದು. ಒಳಗಿದ್ದದ್ದು ಇನ್ನೂ ಇದೆಯೋ, ಹಾರಿ ಹೋಗಿ ಬರೀ ನೀರಿನಂತಹದ್ದು ಉಳಿದಿದೆಯೋ, ನನಗೆ ಗೊತ್ತಾಗುವುದಿಲ್ಲ. ಬಾಜೂ ಮನೆಯವರಿಗೆ ಮೂಸಿ ಹೇಳಿರಿ ಎಂದು ಕೇಳಬಹುದು. ಕೇಳಿಲ್ಲ. ಇನ್ನೊಬ್ಬರ ಮೂಗು ಇನ್ನು ಸಾಕು.

ಓದಿದವರಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ವಾಸನೆ ಹೋಗಿ, ಬಹಳ ದಿನದ ಮೇಲೆ ಬಂದಿದ್ದರೆ ದಯವಿಟ್ಟು ಬರೆಯಿರಿ. ಎಷ್ಟು ದಿನ ಹಿಡಿಯಿತು, ಮೊದಲು ಬಂದ ವಾಸನೆ ಯಾವುದು, ಬಂದಾಗ ಅದು ಅದೇ ಎಂದು ಹೇಗೆ ಗುರುತು ಸಿಕ್ಕಿತು. ನಿಮಗಾಗಿ ಯಾರಾದರೂ ಏನನ್ನಾದರೂ ಸುಮ್ಮನೆ ತಡೆದುಕೊಂಡಿದ್ದು ಆಮೇಲೆ ಗೊತ್ತಾಗಿದ್ದರೆ ಅದನ್ನೂ ಬರೆಯಿರಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ. ನಿಮ್ಮೂರಿನಲ್ಲಿ ಸೊಪ್ಪಿಗೆ ಏನು ಅನ್ನುತ್ತಾರೋ ಅದೇ ಮಾತಿನಲ್ಲಿ ಬರೆಯಿರಿ. ಶುದ್ಧ ಮಾಡುವುದು ಬೇಡ.